ಗಂಡಸರ ಸೆಂಟು

ನನ್ನ ಕೈಚೀಲದಲ್ಲಿ ಗಂಡಸರು ಗಡ್ಡ ಕೆರೆದ ಮೇಲೆ ಹಚ್ಚಿಕೊಳ್ಳುವ ಓಲ್ಡ್ ಸ್ಪೈಸ್ ಬಾಟಲಿಯೊಂದು ಇದೆ ಎಂದರೆ ನೀವು ಏನೆಂದುಕೊಳ್ಳುತ್ತೀರೋ ಏನೋ. ನನಗೆ ಐವತ್ತಾರು ವರ್ಷ. ಬಿ.ಜಿ. ಕೆರೆಯಂಥ ಊರಿನಲ್ಲಿ, ಬಸ್ಸಿಳಿದವರು ಯಾರ ಮನೆಗೆ ಹೋದರು ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುವ ಕಡೆ, ಮೇಡಂ ಅನ್ನಿಸಿಕೊಂಡು ಇಪ್ಪತ್ತೇಳು ವರ್ಷ ಕಳೆದಿದ್ದೇನೆ. ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿಯೇ ಇಟ್ಟುಕೊಂಡಿರುತ್ತೇನೆ. ಆದರೆ ವಾಸನೆಯನ್ನು ಯಾವ ಬಟ್ಟೆಯಲ್ಲಿ ಸುತ್ತಿಡಲಾದೀತು?

ಕೊಂಡದ್ದು ಮೂರು ವರ್ಷದ ಹಿಂದೆ. ಅಣ್ಣನ ಮಗನ ಮದುವೆಗೆ ಏನಾದರೂ ಉಡುಗೊರೆ ತರೋಣವೆಂದು ಚಳ್ಳಕೆರೆಗೆ ಹೋಗಿದ್ದೆ. ಫ್ಯಾನ್ಸಿ ಅಂಗಡಿಯ ಹುಡುಗ ಅದು ಇದು ತೋರಿಸುತ್ತ, ಬೇಡವೆಂದರೂ ಕೇಳದೆ, ಈ ಬಿಳಿ ಬಾಟಲಿಯ ಬಿರಡೆ ತೆಗೆದು ನನ್ನ ಮಣಿಕಟ್ಟಿಗೆ ಒಂದು ಹನಿ ಬಿಟ್ಟ. ಮೊದಲು ಸ್ಪಿರಿಟ್ಟಿನ ಘಾಟು. ಆಮೇಲೆ ಲವಂಗ. ಅದರ ಹಿಂದೆಯೇ ದಾಲ್ಚಿನ್ನಿ. ಅದೂ ಆರಿದ ಮೇಲೆ, ಎಲ್ಲೋ ಆಳದಲ್ಲಿ, ಒಣಗಿದ ಮರದ ವಾಸನೆ. ನಾನು ನಿಂತಲ್ಲೇ ನಿಂತೆ.

ಅದು ನಮ್ಮಜ್ಜಿಯ ಟ್ರಂಕಿನ ವಾಸನೆ! ಅಜ್ಜಿಯ ಮನೆ ಮೊಳಕಾಲ್ಮೂರಿನಲ್ಲಿ. ಆಕೆಯ ಹತ್ತಿರ ಇದ್ದದ್ದು ನಾಲ್ಕೇ ರೇಷ್ಮೆ ಸೀರೆ. ಆ ನಾಲ್ಕಕ್ಕೂ ಹುಳು ಹಿಡಿಯಬಾರದೆಂದು ಮಡಿಕೆಗಳ ನಡುವೆ ಲವಂಗದ ಗಂಟು, ಲಾವಂಚದ ಬೇರು, ತೇಯ್ದು ತೇಯ್ದು ಕಿರುಬೆರಳಿನಷ್ಟಾಗಿದ್ದ ಗಂಧದ ಚೂರು ಇಡುತ್ತಿದ್ದಳು. ವರ್ಷಕ್ಕೆರಡು ಸಲ ಟ್ರಂಕು ತೆರೆದರೆ ಮಕ್ಕಳೆಲ್ಲ ಸುತ್ತ ಕೂತು ಮೂಗರಳಿಸುತ್ತಿದ್ದೆವು. ಅಜ್ಜಿ ಸತ್ತ ಮೇಲೆ ಸೀರೆ ಯಾರ್‍ಯಾರ ಪಾಲಿಗೋ ಹೋದವು. ಟ್ರಂಕಿನಲ್ಲಿ ಈಗ ನಮ್ಮ ದೊಡ್ಡಪ್ಪನ ಮಗ ಸ್ಪ್ಯಾನರು, ನಟ್ಟು ಬೋಲ್ಟು ತುಂಬಿದ್ದಾನೆ.

“ಯಜಮಾನರಿಗಾ ಮೇಡಂ?” ಎಂದ ಹುಡುಗ. ನಾನು “ಹ್ಞೂಂ” ಎಂದೆ. ಯಜಮಾನರು ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಮದುವೆಗೆ ಗೋಡೆ ಗಡಿಯಾರ ಕೊಂಡೆ. ಬಾಟಲಿ ನನ್ನ ಚೀಲಕ್ಕೆ ಬಂತು.

ಇದನ್ನೆಲ್ಲ ಬೆಂಗಳೂರಿನಲ್ಲಿರುವ ಮಗನಿಗೆ ಫೋನಿನಲ್ಲಿ ಹೇಳಿ ನಕ್ಕಾಗ ಅವನು ಏನೇನೋ ಓದಿ ತಿಳಿಸಿದ. ಅಮೆರಿಕದ ಕಂಪನಿಯೊಂದು ಈ ಹೆಸರಿನ ಸುಗಂಧವನ್ನು ಮೊದಲು ಮಾರುಕಟ್ಟೆಗೆ ತಂದದ್ದು 1937ರಲ್ಲಿ, ಅದೂ ಹೆಂಗಸರಿಗಾಗಿ. ಗಂಡಸರದ್ದು ಬಂದದ್ದು ಮರುವರ್ಷ, 1938ರಲ್ಲಿ. ಕಂಪನಿಯ ಧಣಿಗೆ ಈ ಯೋಚನೆ ಹೊಳೆದದ್ದು ಅವನ ತಾಯಿ ಒಣ ಗುಲಾಬಿ ದಳಕ್ಕೆ ಮಸಾಲೆ ಬೆರೆಸಿ ಮನೆಯಲ್ಲಿಡುತ್ತಿದ್ದ ಪಾತ್ರೆಯಿಂದ ಎಂದು ಹೇಳುತ್ತಾರಂತೆ. ನೋಡಿ, ಅಲ್ಲಿಯೂ ಒಬ್ಬಳು ಅಜ್ಜಿ ಇದ್ದಾಳೆ! ಲವಂಗಕ್ಕೆ ಮೀಸೆ ಬರೆದವರು ಅಂಗಡಿಯವರು.

ನಾನು ಪಾಠ ಮಾಡುವುದು ಸಮಾಜ ವಿಜ್ಞಾನ. ಮೊದಲನೆಯ ಮಹಾಯುದ್ಧದ ಪಾಠ ಬಂದಾಗ ಮಕ್ಕಳಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ. ಯುದ್ಧದಿಂದಾಗಿ ನಮ್ಮ ಶ್ರೀಗಂಧದ ಮರ ಯುರೋಪಿಗೆ ಹೋಗುವುದು ನಿಂತು ಕೊರಡುಗಳು ಇಲ್ಲೇ ರಾಶಿ ಬಿದ್ದವು. ನಾಲ್ವಡಿಯವರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ಎಣ್ಣೆಯನ್ನು ನಾವೇ ತೆಗೆಯೋಣವೆಂದು 1916ರಲ್ಲಿ ಕಾರ್ಖಾನೆ ಮಾಡಿದರು. ಎರಡು ವರ್ಷಕ್ಕೆ ಸಾಬೂನೂ ಬಂತು. ಆ ಸಾಬೂನನ್ನು ಗಂಡ, ಹೆಂಡತಿ, ಮಾವ, ಮಗು ಎಲ್ಲರೂ ಒಂದೇ ಬಚ್ಚಲಲ್ಲಿ ತಿಕ್ಕಿಕೊಂಡಿದ್ದೇವೆ. ಇದು ಗಂಡು ವಾಸನೆ, ಇದು ಹೆಣ್ಣು ವಾಸನೆ ಎಂದು ಯಾರೂ ತಕರಾರು ತೆಗೆದದ್ದು ನಾನು ಕೇಳಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಸುಮಾರು 1025ರಲ್ಲಿ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ನೀರಿನ ಸೆಲೆ ಗುರುತಿಸುವುದು, ಅಡುಗೆ, ದನಗಳ ಔಷಧಿ ಇವುಗಳ ಜೊತೆಗೆ ಸುಗಂಧ ಮಾಡುವ ವಿಚಾರವೂ ಸೇರಿದೆ. ಸಂಸಾರಕ್ಕೆ ಬೇಕಾದವುಗಳಲ್ಲಿ ಅದೂ ಒಂದೆಂದು ಆತನಿಗೆ ಗೊತ್ತಿತ್ತು.

ಇರಲಿ, ಪಾಠ ಸಾಕು.

ಮೊದಲ ದಿನ ಶಾಲೆಗೆ ಹಚ್ಚಿಕೊಂಡು ಹೋದಾಗ ಒಂಬತ್ತನೇ ತರಗತಿಯ ಗದ್ದಲ ನಾನು ಬಾಗಿಲಿಗೆ ಬರುವ ಮೊದಲೇ ನಿಂತುಹೋಯಿತು. ಯಾರೋ ಇನ್ಸ್‌ಪೆಕ್ಟರ್ ಸಾಹೇಬರು ಬಂದರು ಅಂದುಕೊಂಡರಂತೆ. ಅಷ್ಟು ಶಿಸ್ತನ್ನು ನನ್ನ ಬೆತ್ತ ಎಂದೂ ತಂದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಮಾತ್ರ ಒಂದು ಥರದ ಮೌನ. ಕೊನೆಗೆ ಹಿರಿಯ ಸಹೋದ್ಯೋಗಿಯೊಬ್ಬರು ಹತ್ತಿರ ಬಂದು ನನ್ನ ಕೈ ಹಿಡಿದು, “ಗೊತ್ತಾಗುತ್ತೆ ಕಣ್ರೀ. ಅವರ ನೆನಪಿಗೆ ಅಲ್ವಾ?” ಎಂದರು. ಅವರ ಕಣ್ಣಲ್ಲಿ ನೀರಿತ್ತು.

ನಾನು ಅಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ನಮ್ಮ ಯಜಮಾನರು ಜನ್ಮದಲ್ಲಿ ಸೆಂಟು ಮುಟ್ಟಿದವರಲ್ಲ. ಗಡ್ಡ ಕೆರೆದ ಮೇಲೆ ಪಟಿಕದ ಕಲ್ಲನ್ನು ಒದ್ದೆ ಮಾಡಿ ಒಂದು ಸಲ ಎಳೆದುಕೊಂಡರೆ ಮುಗಿಯಿತು. ಅವರದ್ದು ಮೋಟಾರ್ ರಿವೈಂಡಿಂಗ್ ಅಂಗಡಿ. ನಮ್ಮ ಸೀಮೆಯಲ್ಲಿ ಮಳೆ ಕಡಿಮೆ, ಬೋರು ಆಳ, ಮೋಟಾರು ಸುಡುವುದು ಜಾಸ್ತಿ. ಶೇಂಗಾ ಬಿತ್ತಿದವರ ಮೋಟಾರು ಸುಟ್ಟರೆ ರಾತ್ರಿ ಹನ್ನೆರಡಾದರೂ ಕೂತು ತಂತಿ ಸುತ್ತುತ್ತಿದ್ದರು. ಮನೆಗೆ ಬಂದರೆ ವಾರ್ನಿಷ್ ವಾಸನೆ, ಸುಟ್ಟ ತಾಮ್ರದ ವಾಸನೆ. ಸೋಪು ಹಾಕಿ ತಿಕ್ಕಿದರೂ ಬಿಡದು. ಮದುವೆಯಾದ ಹೊಸದರಲ್ಲಿ ನನಗೆ ತಲೆನೋವು ಬರುತ್ತಿತ್ತು. ಈಗ ದಾರಿಯಲ್ಲಿ ಎಲ್ಲಾದರೂ ಆ ವಾಸನೆ ಬಂದರೆ ಕಾಲು ತಾನಾಗಿ ನಿಧಾನವಾಗುತ್ತದೆ. ಅವರ ನೆನಪಿಗೆ ಏನಾದರೂ ಹಚ್ಚಿಕೊಳ್ಳುವುದಾದರೆ ನಾನು ವಾರ್ನಿಷ್ ಹಚ್ಚಿಕೊಳ್ಳಬೇಕು.

ಹಾಗಾದರೆ ಯಾಕೆ ಸುಮ್ಮನಿದ್ದೆ? ಅವರು ಹೋದ ವರ್ಷವೇ ಶಿಕ್ಷಕರ ದಿನಾಚರಣೆ ಬಂತು. ಹುಡುಗಿಯೊಬ್ಬಳು ತಟ್ಟೆಯಲ್ಲಿ ಮಲ್ಲಿಗೆ ತುಂಡು ಇಟ್ಟುಕೊಂಡು ಸಾಲಾಗಿ ಮೇಡಂಗಳಿಗೆಲ್ಲ ಕೊಡುತ್ತ ಬಂದಳು. ನನ್ನ ಮುಂದೆ ಬಂದಾಗ ತಟ್ಟೆ ಗಕ್ಕನೆ ನಿಂತಿತು. ಹನ್ನೆರಡು ವರ್ಷದ ಮಗು, ಅವಳ ತಪ್ಪೇನು? ಮನೆಯಲ್ಲಿ ಹೇಳಿಕಳಿಸಿರಬೇಕು. ಗಾಬರಿಯಿಂದ ನನ್ನ ಮುಖ ನೋಡಿ, ನನಗೆ ಒಂದು ಪೆನ್ನು ಕೊಟ್ಟು ಮುಂದೆ ಹೋದಳು. ನಾನೂ ನಕ್ಕು ಪೆನ್ನು ತೆಗೆದುಕೊಂಡೆ. ಆ ಸಂಜೆ ಬಿಕ್ಕಿ ಬಿಕ್ಕಿ ಅತ್ತಿದ್ದು ಯಜಮಾನರಿಗಾಗಿ ಅಲ್ಲ, ಒಂದು ಗೇಣು ಮಲ್ಲಿಗೆಗಾಗಿ. ಮಲ್ಲಿಗೆಗೆ ಕಟ್ಟಳೆಯಿದೆ, ಬಳೆಗಿದೆ, ಸೀರೆಯ ಬಣ್ಣಕ್ಕಿದೆ. ಗಂಡಸರ ಸೆಂಟಿನ ಬಗ್ಗೆ ಮಾತ್ರ ಯಾವ ಮುದುಕಿಯೂ ಕಟ್ಟಳೆ ಮಾಡಿ ಹೋಗಿರಲಿಲ್ಲ. ಬೇಲಿಯಲ್ಲಿ ಒಂದು ಕಿಂಡಿ ಸಿಕ್ಕಿತು, ನಾನು ನುಸುಳಿದೆ. ಗಂಡನ ನೆನಪು ಎಂದುಕೊಂಡು ಊರೇ ಕಿಂಡಿಗೆ ಕಾವಲು ನಿಂತಿತು. ಇಷ್ಟು ಅನುಕೂಲವಾದ ತಪ್ಪು ತಿಳಿವಳಿಕೆಯನ್ನು ಯಾರು ತಾನೇ ತಿದ್ದುತ್ತಾರೆ?

ಆದರೆ ಆ ದೀಪಾವಳಿಗೆ ನಾದಿನಿ ಬಂದಳು. ಬಾಗಿಲಲ್ಲೇ ತಬ್ಬಿಕೊಂಡವಳು ಬಿಡಲೇ ಇಲ್ಲ. “ಅತ್ತಿಗೇ, ಅಣ್ಣನ ವಾಸನೆ! ಥೇಟ್ ಅಣ್ಣನೇ!” ಎಂದು ಹೆಗಲ ಮೇಲೆ ಮುಖವಿಟ್ಟು ಅತ್ತಳು. ನಾನು ಕಲ್ಲಾಗಿ ನಿಂತೆ. ಅವಳು ನಾಟಕ ಮಾಡುವವಳಲ್ಲ. ನಿಜವಾಗಿಯೂ ಅವಳ ಮೂಗಿಗೆ ಅಣ್ಣ ಬಂದಿದ್ದ.

ಅಂದಿನಿಂದ ಬಾಟಲಿ ತೆಗೆದಾಗಲೆಲ್ಲ ಕೈ ಸ್ವಲ್ಪ ಹಿಂಜರಿಯುತ್ತಿತ್ತು. ಹಾಗೆಂದು ಬಿಟ್ಟೆನೇ? ಇಲ್ಲ. ಇದು ನಾಲ್ಕನೆಯ ಬಾಟಲಿ.

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗನ ದಾಖಲಾತಿ ವಿಷಯಕ್ಕೆ ಬಂದಿದ್ದಳು. 2021ರ ಕೊರೊನಾದಲ್ಲಿ ಗಂಡನನ್ನು ಕಳೆದುಕೊಂಡವಳು. ಇನ್ನೂ ಮೂವತ್ತು ದಾಟಿಲ್ಲ. ಅರ್ಜಿ ತುಂಬಿಸಿಕೊಂಡು ಎದ್ದವಳು ಮತ್ತೆ ಕೂತಳು. “ಮಿಸ್, ನಿಮ್ಮ ಸೆಂಟು ಭಾಳ ಚೆನ್ನಾಗೈತೆ” ಎಂದಳು. ಬೇಕಾದರೆ ಒಂದು ಹನಿ ಹಚ್ಚಿಕೋ ಎಂದು ಚೀಲಕ್ಕೆ ಕೈ ಹಾಕಿದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು. “ಬ್ಯಾಡ ಮಿಸ್. ನಿಮ್ಮನೆಯೋರು ಹಾಕ್ಕಂತಿದ್ರು, ನೀವು ಹಚ್ಕಂತೀರ. ನಮ್ಮನೆಯೋರು ಏನೂ ಹಾಕ್ತಿರಲಿಲ್ಲ. ನಂಗೆ ಹಚ್ಕಣಕ್ಕೆ ಏನೂ ಇಲ್ಲ.”

ನಾನು ನುಸುಳಿದ ಕಿಂಡಿಯನ್ನು ನಾನೇ ಹಿಂದಿನಿಂದ ಮುಚ್ಚಿ ಬಂದಿದ್ದೆ. ಎದ್ದು ಬಾಗಿಲು ಮುಂದೆ ಮಾಡಿ, “ನಮ್ಮನೆಯೋರೂ ಹಾಕ್ತಿರಲಿಲ್ಲ ಕಣೇ” ಎಂದೆ. ಅಜ್ಜಿಯ ಟ್ರಂಕು, ಚಳ್ಳಕೆರೆಯ ಅಂಗಡಿ, ವಾರ್ನಿಷ್ ಎಲ್ಲ ಹೇಳಿದೆ. “ಮತ್ತೆ ಯಾಕೆ ಹಚ್ಕಂತೀರ ಮಿಸ್?” “ನನಗೆ ಇಷ್ಟ, ಅದಕ್ಕೆ.” ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ನಗು ನಿಂತ ಮೇಲೆ ಮಣಿಕಟ್ಟು ಮುಂದೆ ಚಾಚಿದಳು. ಹಚ್ಚಿಸಿಕೊಂಡು ಮೂಗಿನ ಹತ್ತಿರ ಹಿಡಿದು, “ಇದು ಸ್ವಲ್ಪ ಖಾರ ಆಯ್ತು ಮಿಸ್. ನಂಗೆ ಗುಲಾಬಿದು ಇಷ್ಟ” ಎಂದಳು.

ನಮ್ಮೂರಲ್ಲಿ ಮಾತು ನಿಲ್ಲುವುದಿಲ್ಲ. ಎರಡೇ ದಿನಕ್ಕೆ ಸ್ಟಾಫ್ ರೂಮಿಗೆ ಮುಟ್ಟಿತು. ಆ ಹಿರಿಯ ಸಹೋದ್ಯೋಗಿ ಒಂದು ವಾರ ನನ್ನ ಪಕ್ಕ ಕೂರಲಿಲ್ಲ. ಈಗ ಕೂರುತ್ತಾರೆ, ಕಿಟಕಿ ತೆಗೆದುಕೊಂಡು.

ನಾದಿನಿಗೆ ಮಾತ್ರ ಇನ್ನೂ ಹೇಳಿಲ್ಲ. ನಾಯಕನಹಟ್ಟಿ ತೇರಿಗೆ ಬರುತ್ತಾಳೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಬೇಕು, ಅದು ಸರಿ. ಆದರೆ ಹೋದ ಸಲ ಊರಿಗೆ ಹೊರಡುವಾಗ ಅವಳು ಸೆರಗಿನ ತುದಿಯನ್ನು ನನ್ನ ಮುಂದೆ ಹಿಡಿದು ಎರಡು ಹನಿ ಹಾಕಿಸಿಕೊಂಡು, ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ್ದಳು.