ಮೋಜೆಲ್ ತೀರದ ದ್ರಾಕ್ಷಾರಸ

ಜರ್ಮನಿಯ ರೈನ್ ನದಿಯ ಹೆಸರನ್ನು ವಾಚಕರೆಲ್ಲರೂ ಕೇಳಿರುವರಷ್ಟೆ. ಅದರ ಉಪನದಿಯಾದ ಮೋಜೆಲ್ ನಮ್ಮಲ್ಲಿ ಅಷ್ಟು ಪ್ರಸಿದ್ಧವಲ್ಲ. ಫ್ರಾನ್ಸಿನ ವೋಜ್ ಪರ್ವತಗಳಲ್ಲಿ ಹುಟ್ಟಿ, ಪುರಾತನವಾದ ಟ್ರಿಯರ್ ಪಟ್ಟಣವನ್ನು ಹಾದು, ಕೋಬ್ಲೆಂಟ್ಸಿನಲ್ಲಿ ರೈನನ್ನು ಕೂಡುವ ಈ ನದಿಗೆ ನೆಟ್ಟಗೆ ಹರಿಯುವುದೇ ತಿಳಿಯದು. ಟ್ರಿಯರಿನಿಂದ ಹೊರಟು ಅದರ ದಡವನ್ನೇ ಹಿಡಿದು ನಾವು ಪ್ರಯಾಣಮಾಡಿದಾಗ, ಒಂದೇ ಗುಡ್ಡವು ಒಮ್ಮೆ ಎಡಕ್ಕೂ ಮತ್ತೊಮ್ಮೆ ಬಲಕ್ಕೂ ಕಾಣಿಸಿಕೊಳ್ಳುತ್ತಿತ್ತು.

ಈ ತಿರುವುಗಳಲ್ಲಿಯೇ ಆ ಸೀಮೆಯ ಭಾಗ್ಯವಿದೆ. ದಕ್ಷಿಣಾಭಿಮುಖವಾದ ಇಳಿಜಾರುಗಳ ಮೇಲೆಲ್ಲ ದ್ರಾಕ್ಷಿಯ ತೋಟಗಳು. ನಾಲ್ಕನೆಯ ಶತಮಾನದಲ್ಲಿಯೇ ಔಸೋನಿಯಸ್ ಎಂಬ ಲ್ಯಾಟಿನ್ ಕವಿಯು ಈ ನದಿಯ ಮೇಲೆ ಕಾವ್ಯವೊಂದನ್ನು ರಚಿಸಿ, ಅದರ ಮೀನುಗಳನ್ನೂ ತೋಟಗಳನ್ನೂ ವರ್ಣಿಸಿದನು. ಪೀಪಾಯಿಗಳನ್ನು ಹೇರಿದ ದೋಣಿಯ ರೋಮನ್ ಶಿಲ್ಪವೊಂದು 1878ರಲ್ಲಿ ನೊಯ್‌ಮಾಗೆನ್ ಗ್ರಾಮದಲ್ಲಿ ದೊರೆಯಿತು. ಅದನ್ನು ಟ್ರಿಯರಿನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಇಲ್ಲಿಯ ನೆಲವನ್ನು ಮಣ್ಣೆನ್ನುವುದಕ್ಕಿಂತ ಕಲ್ಲೆನ್ನುವುದೇ ಸರಿ. ಬಾಲ್ಯದಲ್ಲಿ ಸ್ಲೇಟಿನ ಮೇಲೆ ಅಕ್ಷರ ತಿದ್ದಿದವರಿಗೆ ಅದು ಪರಿಚಿತವಾದ ಕಲ್ಲೇ. ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿಯಲ್ಲಿ ಬಳ್ಳಿಗೆ ಕಾವು ಕೊಡುವುದು ಆ ಕಲ್ಲಿನ ಗುಣ. ಇಷ್ಟು ಉತ್ತರದ ಶೀತದೇಶದಲ್ಲಿ ದ್ರಾಕ್ಷಿಯು ಹಣ್ಣಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಆದರೂ ಫಲವು ನಿಧಾನವಾಗಿ ಮಾಗುತ್ತದೆ. ಸಿಹಿ ಸೇರುತ್ತ ಬಂದರೂ ಹುಳಿಯು ಬಿಟ್ಟುಹೋಗುವುದಿಲ್ಲ.

ಇಲ್ಲಿಯ ಶ್ರೇಷ್ಠ ಜಾತಿಯ ದ್ರಾಕ್ಷಿಗೆ ರೀಸ್ಲಿಂಗ್ ಎಂದು ಹೆಸರು. ಜರ್ಮನಿಯ 1435ರ ಲೆಕ್ಕಪತ್ರವೊಂದರಲ್ಲಿ ಈ ಹೆಸರು ಕಂಡುಬರುತ್ತದೆ. 1787ರಲ್ಲಿ ಟ್ರಿಯರಿನ ಅಧಿಪತಿಯು ಕೀಳುಜಾತಿಯ ಬಳ್ಳಿಗಳನ್ನು ತೆಗೆದು ಉತ್ತಮವಾದುವನ್ನು ನೆಡಬೇಕೆಂದು ಆಜ್ಞೆಮಾಡಿದನು. ಇದರಿಂದಾಗುವ ವೈನುಗಳಲ್ಲಿ ಕಾಬಿನೆಟ್ ಎಂಬುದು ಹಗುರವಾದದ್ದು. ಹುದುಗುವಿಕೆಯನ್ನು ನಡುವೆಯೇ ನಿಲ್ಲಿಸಿ ಹಣ್ಣಿನ ಸಕ್ಕರೆಯನ್ನು ಸ್ವಲ್ಪ ಉಳಿಸಿದಾಗ ಅದರಲ್ಲಿ ಮದ್ಯಸಾರವು ನೂರಕ್ಕೆ 8 ಅಥವಾ 9 ಭಾಗ ಮಾತ್ರ ಇರುತ್ತದೆ. ನಸುಹಸುರು ಛಾಯೆಯ ತಿಳಿಬಣ್ಣ. ಹಸಿ ಸೇಬಿನ ಮತ್ತು ನಿಂಬೆಯ ಪರಿಮಳ. ನಮ್ಮ ವೈದ್ಯರ ದ್ರಾಕ್ಷಾಸವವು ಔಷಧ. ಇದಾದರೋ ಆ ಜನಕ್ಕೆ ಭೋಜನದ ಸಂಗಾತಿ.

ಯಾವ ಭೋಜನಕ್ಕೆ? ಬೆಣ್ಣೆಯಲ್ಲಿ ಹುರಿದ ಟ್ರೌಟ್ ಮೀನಿಗೆ ಇದು ಬಹಳ ಒಪ್ಪುತ್ತದೆ. ಮೀನಿಗೆ ನಿಂಬೆಹಣ್ಣನ್ನು ಹಿಂಡಿದರೆ ಆಗುವ ಕೆಲಸವನ್ನೇ ಇದರ ಹುಳಿಯು ಮಾಡಿ, ಜಿಡ್ಡನ್ನು ನಾಲಗೆಯಿಂದ ತೊಳೆಯುತ್ತದೆ. ವಸಂತದಲ್ಲಿ, ನಮ್ಮ ಶತಾವರಿಯ ಕುಲಕ್ಕೇ ಸೇರಿದ ಆಸ್ಪರಾಗಸ್ ಎಂಬ ಗಿಡದ ಬಿಳಿಯ ಎಳೆಮೊಳಕೆಗಳನ್ನು ಬೇಯಿಸಿ ಆಲೂಗೆಡ್ಡೆಯೊಡನೆ ಬಡಿಸುತ್ತಾರೆ. ಜೂನ್ 24ಕ್ಕೆ ಆ ಋತು ಮುಗಿಯುವುದು ವಾಡಿಕೆ. ಅದಕ್ಕೆ ಸಿಹಿಯುಳಿಯದ ರೀಸ್ಲಿಂಗ್ ಹೊಂದುತ್ತದೆ. ಹೊಗೆಯಲ್ಲಿ ಹದಮಾಡಿದ ಹಂದಿಯ ಮಾಂಸಕ್ಕೂ ಮೇಕೆಯ ಹಾಲಿನ ಚೀಸಿಗೂ ಇದು ಸಲ್ಲುತ್ತದೆ. ಖಾರದ ಅಡುಗೆಗೆ ಮಾತ್ರ ಸಿಹಿಯುಳಿದದ್ದೇ ಬೇಕು. ಮದ್ಯಸಾರ ಹೆಚ್ಚಿದ್ದರೆ ಖಾರದ ಉರಿ ಹೆಚ್ಚುತ್ತದೆ, ಸಿಹಿಯು ಅದನ್ನು ತಣಿಸುತ್ತದೆ. ಗೊಜ್ಜಿನ ಹುಣಿಸೆಹುಳಿಗೆ ಬೆಲ್ಲವನ್ನು ಬೆರೆಸುವ ನಮ್ಮ ಗೃಹಿಣಿಯರಿಗೆ ಈ ಮರ್ಮವನ್ನು ವಿವರಿಸಬೇಕಾಗಿಲ್ಲ. ಅತಿಯಾದ ಸಿಹಿತಿಂಡಿಯ ಜೊತೆಗೆ ಮಾತ್ರ ಈ ಹಗುರವಾದ ವೈನು ಬರಿಯ ಹುಳಿಯೆನಿಸುತ್ತದೆ.

ಈ ಹಿತವಾದ ಹುಳಿಯ ಹಿಂದೆ ಇರುವ ಶ್ರಮವನ್ನು ಬ್ರೆಮ್ ಗ್ರಾಮದ ಕಾಲ್ಮೊಂಟ್ ಗುಡ್ಡದ ಬುಡದಲ್ಲಿ ನಿಂತಾಗ ಕಂಡೆವು. ಕೆಲವೆಡೆ 60 ಡಿಗ್ರಿಯನ್ನೂ ಮೀರಿದ ಇಳಿಜಾರು. ನೇಗಿಲಾಗಲಿ ಟ್ರಾಕ್ಟರಾಗಲಿ ಹತ್ತಲಾರದು. ಒಂದೊಂದು ಬಳ್ಳಿಯನ್ನೂ ಕೈಯಿಂದಲೇ ಸವರಿ ಕಟ್ಟಬೇಕು, ಕುಸಿದ ಕಲ್ಲುಗೋಡೆಗಳನ್ನು ಮತ್ತೆ ಕಟ್ಟಬೇಕು. ಇಷ್ಟು ದುಡಿಯುವವರು ಸಿಕ್ಕದೆ ಎಷ್ಟೋ ತೋಟಗಳು ಮುಳ್ಳುಗಿಡಗಳ ಪಾಲಾಗಿವೆ. ಹವೆಯೂ ಬಿಸಿಯಾಗುತ್ತಿದೆ, ಅಕ್ಟೋಬರ್ ಕೊನೆಗೆ, ನವೆಂಬರಿಗೆ ಬೀಳುತ್ತಿದ್ದ ಕೊಯ್ಲು ಈಗ ಅನೇಕ ವರ್ಷಗಳಲ್ಲಿ ಸೆಪ್ಟೆಂಬರಿನಲ್ಲಿಯೇ ಮೊದಲಾಗುತ್ತದೆ. ಬೇಗ ಮಾಗಿದ ಹಣ್ಣಿನಲ್ಲಿ ಸಿಹಿ ಹೆಚ್ಚು, ಹುಳಿ ಕಡಿಮೆ. ಹುಳಿಯು ಹೋದರೆ ಈ ರಸದ ವೈಶಿಷ್ಟ್ಯವೇ ಹೋದಂತೆ.

ಬೆರ್ನ್‌ಕಾಸ್ಟೆಲಿನ ಎದುರುದಡದ ಕೂಸ್ ಎಂಬ ಊರಿನಲ್ಲಿ, ಅಲ್ಲಿಯೇ ಹುಟ್ಟಿದ ನಿಕೊಲಾಸನೆಂಬ ತತ್ತ್ವಜ್ಞಾನಿಯು 1458ರಲ್ಲಿ 33 ಮಂದಿ ವೃದ್ಧರಿಗಾಗಿ ಒಂದು ಆಶ್ರಮವನ್ನು ಸ್ಥಾಪಿಸಿ, ಅದರ ಪೋಷಣೆಗೆ ದ್ರಾಕ್ಷಿಯ ತೋಟಗಳನ್ನು ಬಿಟ್ಟನು. ಇಂದಿಗೂ ಅಲ್ಲಿ ವೃದ್ಧರು ಆಶ್ರಯ ಪಡೆದಿರುವರು. ಐದು ಶತಮಾನಗಳಿಗೂ ಮೀರಿ ಯಾರೋ ಆ ಕಲ್ಲಿನ ಇಳಿಜಾರುಗಳನ್ನು ಹತ್ತಿ ದುಡಿದುದರಿಂದ ಆ ಧರ್ಮವು ನಡೆದುಬಂದಿತು. ಮುಂದೆ ಹತ್ತುವವರು ಯಾರು ಎಂಬುದೇ ಈಗ ಆ ನದೀತೀರದ ಚಿಂತೆ.