ಹಳೆಯ ದೋಣಿ, ಹೊಸ ಹಗ್ಗ

ಹಳೆಯ ಮನೆ ಇದ್ದವರಿಗೆ ಮಳೆಗಾಲ ಬಂತೆಂದರೆ ಹೆಂಚಿನ ಚಿಂತೆ. ಹಳೆಯ ಸ್ಕೂಟರ್ ಇದ್ದವರಿಗೆ ಬೆಳಗಾಯಿತೆಂದರೆ ಕಿಕ್ಕಿನ ಚಿಂತೆ. ಹಳೆಯ ದೋಣಿ ಇದ್ದವರ ಚಿಂತೆಗೆ ಮಾತ್ರ ಹೊತ್ತು ಗೊತ್ತು ಎಂಬುದಿಲ್ಲ. ದೋಣಿ ನೀರಿನಲ್ಲಿದ್ದರೆ ನೀರು ಒಳಗೆ ಬಂತೋ ಏನೋ ಎಂದು, ದಡದಲ್ಲಿದ್ದರೆ ಹಲಗೆ ಒಣಗಿ ಬಿರಿಯಿತೋ ಏನೋ ಎಂದು. ಮಗಳನ್ನು ಮದುವೆ ಮಾಡಿ ಕೊಟ್ಟ ತಂದೆಯೂ ಒಂದೆರಡು ವರ್ಷಕ್ಕೆ ನಿಶ್ಚಿಂತನಾಗುತ್ತಾನೆ. ದೋಣಿಯ ಯಜಮಾನನಿಗೆ ಆ ಭಾಗ್ಯವಿಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಕುಂದಾಪುರದ ಬಳಿ ಹೊಳೆಯ ದಂಡೆಯ ಮನೆಯಲ್ಲಿ ಹುಟ್ಟಿದವಳು ನಾನು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಒಂದಾಗಿ ಪಂಚಗಂಗಾವಳಿ ಎನಿಸಿಕೊಂಡು ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುವ ಜಾಗ ನಮ್ಮದು. ನಡುವೆ ಅಲ್ಲಲ್ಲಿ ಕುದ್ರುಗಳು. ಅಪ್ಪಯ್ಯನಿಗೆ ಒಂದು ಹಾಯಿದೋಣಿ ಇತ್ತು. ಹೆಂಚು, ತೆಂಗಿನಕಾಯಿ, ಬೈಹುಲ್ಲು, ಒಮ್ಮೊಮ್ಮೆ ಮದುವೆಯ ದಿಬ್ಬಣ, ಎಲ್ಲವೂ ಅದರಲ್ಲೇ ಹೊಳೆ ದಾಟುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯ ಹೊಳೆದಂಡೆಗಳಲ್ಲಿ ಹೆಂಚಿನ ಚಿಮಣಿಗಳು ಎದ್ದವು. ಆವೆಮಣ್ಣು ಬರುವುದಕ್ಕೂ ಹೆಂಚು ಹೋಗುವುದಕ್ಕೂ ದೋಣಿಯೇ ಬೇಕಿತ್ತು. ಆಮೇಲೆ ಸೇತುವೆ ಬಂತು, ಲಾರಿ ಬಂತು. ಅಪ್ಪಯ್ಯ ಹೋದರು. ದೋಣಿ ಮಾತ್ರ ಉಳಿಯಿತು. ಅದನ್ನು ಉಳಿಸಿಕೊಂಡವರು ನನ್ನ ದೊಡ್ಡಣ್ಣ. ಅವರಿಗೆ ಈಗ 74. ದೋಣಿ ನನಗಿಂತ ಐದು ವರ್ಷಕ್ಕೆ ದೊಡ್ಡದು. ನನಗೆ ಎಷ್ಟು ಎಂದು ಮಾತ್ರ ಕೇಳಬೇಡಿ, ನಿವೃತ್ತಿಗೆ ಇನ್ನೂ ಸ್ವಲ್ಪ ಉಳಿದಿದೆ.

ಶಾಲೆಯಲ್ಲಿ ಕನ್ನಡ ಪಾಠ ಮಾಡುವ ನನಗೆ ದೋಣಿಯ ವಿಷಯದಲ್ಲಿ ಅಣ್ಣನೇ ಮೇಷ್ಟ್ರು. ರಜೆಯಲ್ಲಿ ತವರಿಗೆ ಹೋದಾಗಲೆಲ್ಲ ಅವರ ಹಿಂದೆ ಹಿಂದೆ ತಿರುಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ದೋಣಿ ಇಟ್ಟುಕೊಂಡ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲನೆಯ ಪಾಠ: ಮರದ ದೋಣಿಗೆ ಶತ್ರು ಸಮುದ್ರದ ನೀರಲ್ಲ, ಮಳೆಯ ನೀರು. ನಾನು ನಂಬಿರಲಿಲ್ಲ. "ಹೆಣ್ಣೇ, ಉಪ್ಪ್ ನೀರಂದ್ರೆ ಉಪ್ಪಿನಕಾಯಿ ಹಾಕ್ದಂಗೆ, ಮರ ಕೆಡುದಿಲ್ಲ. ಸಿಹಿ ನೀರ್ ನಿಂತ್ರೆ ಮುಗೀತ್" ಎಂದರು ಅಣ್ಣ. ಮರವನ್ನು ಕೊಳೆಯಿಸುವ ಬೂಷ್ಟಿಗೆ ಉಪ್ಪು ಆಗಿಬರುವುದಿಲ್ಲ. ಮಳೆನೀರು ಮೂಲೆಗಳಲ್ಲಿ ನಿಂತು, ಗಾಳಿಯಾಡದೆ, ಮೇಲೆ ಪ್ಲಾಸ್ಟಿಕ್ ಹೊದಿಸಿ ಬಿಗಿದು ಬಿಟ್ಟರೆ ದೋಣಿ ಒಳಗಿನಿಂದ ಹಣ್ಣಾಗುತ್ತದೆ. ಆದ್ದರಿಂದಲೇ ಹಿಂದಿನವರು ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆಳೆದು, ತೆಂಗಿನ ಮಡಲಿನ ಚಪ್ಪರ ಹಾಕುತ್ತಿದ್ದರು. ಚಪ್ಪರದ ಕೆಳಗೆ ಗಾಳಿ ಓಡಾಡುತ್ತದೆ. ಟಾರ್ಪಾಲು ಹಾಕುವವರು ದೋಣಿಗೆ ತಾಗದಂತೆ ಎತ್ತರಕ್ಕೆ ಕಟ್ಟಬೇಕು.

ಹಲಗೆಯ ಆರೋಗ್ಯ ನೋಡಲು ಅಣ್ಣನ ಬಳಿ ಇರುವುದು ಒಂದು ದಬ್ಬಳ, ಒಂದು ಸಣ್ಣ ಸುತ್ತಿಗೆ. ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಬದ್ದ್ ಎನ್ನುತ್ತದೆ. ಅಲ್ಲಿ ದಬ್ಬಳ ಚುಚ್ಚಿ ನೋಡಬೇಕು. ಬೆಣ್ಣೆಯಲ್ಲಿ ಹೋದಂತೆ ಹೋದರೆ ಹಲಗೆ ಬದಲಿಸಲೇಬೇಕು. ಮೇಲೆ ಬಣ್ಣ ಬಳಿದು ಮುಚ್ಚುವುದು ಜ್ವರ ಬಂದವನಿಗೆ ಪೌಡರ್ ಹಚ್ಚಿದಂತೆ. ಮೊಳೆಯ ಸುತ್ತ ಕಂದು ಕಲೆ ಇಳಿದಿದ್ದರೆ ಕಬ್ಬಿಣದ ಮೊಳೆ ಒಳಗೇ ಕರಗುತ್ತಿದೆ ಎಂದು ಅರ್ಥ. ತಾಮ್ರದ ಮೊಳೆಗೆ ದುಡ್ಡು ಹೆಚ್ಚು, ಆದರೆ ಅದು ಮರದಷ್ಟೇ ಬಾಳುತ್ತದೆ. ನಮ್ಮ ದೋಣಿಯ ಹಲಗೆಗಳು ಹೆಬ್ಬಲಸಿನವು. ಅಪ್ಪಯ್ಯನ ಕಾಲದ ಹಲಗೆ ಈಗ ಅರ್ಧಕ್ಕೂ ಕಡಿಮೆ ಉಳಿದಿದೆ. ಹಾಗಾದರೆ ಇದು ಅದೇ ದೋಣಿಯೋ ಎಂದು ಕೇಳಿದರೆ ಅಣ್ಣ ನಗುತ್ತಾರೆ.

ಹಲಗೆಗಳ ನಡುವಿನ ಸಂದಿಗೆ ಹತ್ತಿಯನ್ನು ಹುರಿಮಾಡಿ ಉಳಿಯಿಂದ ತುಂಬುತ್ತಾರೆ. ಅದರ ಮೇಲೆ ಧೂಪದ ಮರದ ರಾಳವನ್ನು ಎಣ್ಣೆಯಲ್ಲಿ ಕಾಸಿ ಮೆತ್ತುತ್ತಾರೆ. ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ಇದು ಚರ್ಮ ಸುಡುವ ಎಣ್ಣೆ, ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳದೆ ಮುಟ್ಟಬಾರದು. ಹತ್ತಿ ತುಂಬುವಾಗ ಉತ್ಸಾಹ ಹೆಚ್ಚಾಗಬಾರದು. ಒಣಗಿದ ದೋಣಿಯ ಸಂದಿಗೆ ಬಿಗಿಯಾಗಿ ತುರುಕಿದರೆ, ನೀರಿಗಿಳಿದು ಹಲಗೆ ಉಬ್ಬಿದಾಗ ಜಾಗವಿಲ್ಲದೆ ಮೊಳೆಯನ್ನೇ ಕೀಳುತ್ತದೆ. ದಡದಲ್ಲಿದ್ದ ದೋಣಿ ನೀರಿಗೆ ಬಿದ್ದ ಮೊದಲೆರಡು ದಿನ ಸೋರುವುದು ಸಹಜ. ಹಾಳೆಯಲ್ಲಿ ನೀರು ಮೊಗೆಯುತ್ತಾ ಕಾಯಬೇಕು, ಹಲಗೆಗಳು ತಾವೇ ಕೂಡಿಕೊಳ್ಳುತ್ತವೆ.

ಈ ಹಳೆಯ ವಿದ್ಯೆಗೆ ಈಗ ಬೆಲೆ ಎಲ್ಲಿದೆ ಎಂದು ಕೊರಗುತ್ತಿದ್ದ ಅಣ್ಣನಿಗೆ 2025ರ ಮೇ ತಿಂಗಳ ಒಂದು ಸುದ್ದಿ ಹಬ್ಬದಂತಾಯಿತು. ಅಜಂತಾದ ಒಂದು ಚಿತ್ರವನ್ನು ನೋಡಿ, ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಾಯಿಹಡಗನ್ನು ನೌಕಾಪಡೆಯವರು ಕಾರವಾರದಲ್ಲಿ ಸೇರಿಸಿಕೊಂಡರು. ಹೆಸರು 'ಕೌಂಡಿನ್ಯ'. ಪತ್ರಿಕೆಯ ಆ ತುಂಡನ್ನು ಅಣ್ಣ ಕತ್ತರಿಸಿ ದೇವರ ಕೋಣೆಯ ಬಾಗಿಲಿಗೆ ಅಂಟಿಸಿದ್ದಾರೆ.

ದೋಣಿ ಕೊರೆಯುವ ಹುಳುವಿನ ಬಗ್ಗೆ ಒಂದು ಮಾತು. ಅದು ಹುಳುವೇ ಅಲ್ಲ, ಚಿಪ್ಪಿನ ಜಾತಿಯ ಪ್ರಾಣಿ ಎಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಹೇಳಿದಾಗ ಆಶ್ಚರ್ಯವಾಯಿತು. ಸೂಜಿಮೊನೆಯಷ್ಟು ತೂತಿನಲ್ಲಿ ಮರಿಯಾಗಿ ಒಳಹೊಕ್ಕು, ಮರವನ್ನು ತಿನ್ನುತ್ತಾ ಒಳಗೇ ಬೆಳೆಯುತ್ತದೆ. ಹೊರಗೆ ಹಲಗೆ ಹೊಸದರಂತೆ, ಒಳಗೆ ಜೇನುಗೂಡಿನಂತೆ. ಅದಕ್ಕೆ ಉಪ್ಪುನೀರು ಬೇಕು. ಸಿಹಿನೀರಿನಲ್ಲಿ ಕೆಲವು ವಾರ ಇಟ್ಟರೆ, ಇಲ್ಲವೇ ದಡಕ್ಕೆಳೆದು ಚೆನ್ನಾಗಿ ಒಣಗಿಸಿದರೆ ಸಾಯುತ್ತದೆ. ಅಂದರೆ ಕೊಳೆಗೆ ಉಪ್ಪು ಮದ್ದು, ಹುಳುವಿಗೆ ಸಿಹಿ ಮದ್ದು. ದೋಣಿಯ ಸಂಸಾರವೇ ಹೀಗೆ, ಒಬ್ಬರನ್ನು ಸಮಾಧಾನ ಮಾಡಿದರೆ ಇನ್ನೊಬ್ಬರಿಗೆ ಸಿಟ್ಟು.

ಇಷ್ಟೆಲ್ಲ ಮಾಡಿದ ದೋಣಿಯನ್ನೂ ಒಂದು ರಾತ್ರಿಯಲ್ಲಿ ಕಳೆದುಕೊಳ್ಳಬಹುದು. ಅದಕ್ಕೆ ಒಂದು ಹಗ್ಗ ಸವೆದರೆ ಸಾಕು. 2021ರ ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತಲ್ಲ, ಆಗ ಲಾಕ್‌ಡೌನ್ ಕೂಡ ಇತ್ತು. ದೋಣಿಯನ್ನು ದಡಕ್ಕೆಳೆಯಲು ಹತ್ತು ಜನ ಸೇರುವ ಹಾಗಿರಲಿಲ್ಲ. ಅಣ್ಣ ಅತ್ತಿಗೆ ಇಬ್ಬರೇ ಹೋಗಿ ಇದ್ದ ಹಗ್ಗಗಳ ಜೊತೆಗೆ ಇನ್ನೆರಡು ಹಗ್ಗ ಕಟ್ಟಿದರು. ದಕ್ಕೆಯ ಕಲ್ಲಿನ ಅಂಚಿಗೆ ಹಗ್ಗ ಉಜ್ಜುವಲ್ಲಿ ತೋಟದ ಹಳೆಯ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿ, ಮೇಲೆ ಗೋಣಿ ಸುತ್ತಿದರು. ಬೆಳಿಗ್ಗೆ ನೋಡುವಾಗ ಗೋಣಿ ಚಿಂದಿಯಾಗಿತ್ತು, ಪೈಪು ಅರ್ಧ ಸವೆದಿತ್ತು, ಹಗ್ಗ ಇತ್ತು. ನೆರೆಯವರ ದೋಣಿಯ ಹಗ್ಗ ಕಲ್ಲಿಗೆ ತಿಕ್ಕಿ ತುಂಡಾಗಿ, ದೋಣಿ ಕುದ್ರುವಿನ ಕಲ್ಲುಕಟ್ಟೆಗೆ ಬಡಿದು ಎರಡಾಗಿತ್ತು. ಅದು ಆ ಮನೆಯ ಅನ್ನದ ದೋಣಿ. ಅಷ್ಟು ದಪ್ಪದ ಹಗ್ಗ ಎಲ್ಲೂ ಹರಿಯಲಿಲ್ಲ, ಕಲ್ಲಿಗೆ ತಾಗುವ ಆ ಗೇಣುದ್ದದಲ್ಲಿ ಮಾತ್ರ ಹರಿಯಿತು. ಹಗ್ಗ ನೋಡುವುದೆಂದರೆ ಆ ಗೇಣುದ್ದವನ್ನು ನೋಡುವುದು.

ಹಗ್ಗದಲ್ಲೂ ಜಾತಿಗಳಿವೆ. ತೆಂಗಿನ ನಾರಿನ ಹಗ್ಗ ಉಪ್ಪುನೀರಿಗೆ ಹೆದರುವುದಿಲ್ಲ, ಆದರೆ ದಪ್ಪಕ್ಕೆ ತಕ್ಕ ಬಲವಿಲ್ಲ. ಅಂಗಡಿಯಲ್ಲಿ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ಅಗ್ಗ, ನೀರಿನಲ್ಲಿ ತೇಲುತ್ತದೆ. ಆದರೆ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ಕೈಗೆ ಪುಡಿ ಹತ್ತಿದರೆ, ಎಳೆ ಮುಳ್ಳಿನಂತೆ ಚುಚ್ಚಿದರೆ ಅದು ಬಟ್ಟೆ ಒಣಗಿಸಲಿಕ್ಕೆ ಸರಿ, ದೋಣಿ ಕಟ್ಟಲಿಕ್ಕಲ್ಲ. ದೋಣಿ ಕಟ್ಟಲು ನೈಲಾನ್ ಒಳ್ಳೆಯದು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಅಲೆಯ ಜಗ್ಗಾಟವನ್ನು ತಾನೇ ನುಂಗಿಕೊಂಡು ಗೂಟವನ್ನೂ ದೋಣಿಯನ್ನೂ ಉಳಿಸುತ್ತದೆ. ಗಂಟು ಹಾಕಿದಲ್ಲಿ ಯಾವ ಹಗ್ಗದ ಬಲವೂ ಅರ್ಧದಷ್ಟು ಕುಗ್ಗುತ್ತದೆ ಎಂಬುದನ್ನು ಮರೆಯಬಾರದು. ವರ್ಷಕ್ಕೊಮ್ಮೆ ಹಗ್ಗವನ್ನು ತಿರುಗಿಸಿ, ದಕ್ಕೆಯ ಕಡೆಯ ತುದಿಯನ್ನು ದೋಣಿಗೆ, ದೋಣಿಯ ತುದಿಯನ್ನು ದಕ್ಕೆಗೆ ಕಟ್ಟಿದರೆ ಸವೆಯುವ ಜಾಗ ಬದಲಾಗಿ ಆಯುಷ್ಯ ಹೆಚ್ಚುತ್ತದೆ.

ಕಟ್ಟುವ ಕ್ರಮವೂ ಮುಖ್ಯ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ ಏರಿಳಿತ ಇನ್ನೂ ಹೆಚ್ಚು. ಉಬ್ಬರದಲ್ಲಿ ಗಿಡ್ಡ ಹಗ್ಗದಿಂದ ಕಟ್ಟಿ ಮನೆಗೆ ಹೋದರೆ ಇಳಿತದಲ್ಲಿ ದೋಣಿ ನೇತಾಡುತ್ತದೆ. ಆದ್ದರಿಂದ ಗೂಟ ದೂರವಿರಬೇಕು, ಹಗ್ಗ ಉದ್ದವಿದ್ದು ಓರೆಯಾಗಿರಬೇಕು. ಮುಂದೊಂದು, ಹಿಂದೊಂದು ಸಾಲದು. ಮೂತಿಯಿಂದ ಹಿಂದಿನ ಗೂಟಕ್ಕೆ, ಹಿಂಬದಿಯಿಂದ ಮುಂದಿನ ಗೂಟಕ್ಕೆ ಒಂದೊಂದು ಅಡ್ಡ ಹಗ್ಗ ಇದ್ದರೆ ದೋಣಿ ಹಿಂದೆ ಮುಂದೆ ಓಡಾಡುವುದಿಲ್ಲ. ಹೊಳೆಯ ನಡುವೆ ಲಂಗರು ಹಾಕುವವರು ನೀರಿನ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡಬೇಕು, ಲಂಗರಿನ ಬಳಿ ಒಂದಿಷ್ಟು ಸರಪಳಿ ಇರಬೇಕು. ಹಗ್ಗ ಗಿಡ್ಡವಾದರೆ ಲಂಗರು ಮಲಗಿ ಮಣ್ಣು ಕಚ್ಚುವ ಬದಲು ಎದ್ದು ಬರುತ್ತದೆ.

ದಕ್ಕೆಗೂ ದೋಣಿಗೂ ನಡುವೆ ಹಳೆಯ ಟಯರ್ ತೂಗುಹಾಕುವುದು ಎಲ್ಲರಿಗೂ ಗೊತ್ತು. ಟಯರಿನ ಕೆಳಭಾಗದಲ್ಲಿ ಎರಡು ತೂತು ಕೊರೆಯಬೇಕೆಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಕೊರೆಯದಿದ್ದರೆ ಮಳೆನೀರು ನಿಂತು ಡೆಂಗಿ ಸೊಳ್ಳೆಯ ತೊಟ್ಟಿಲಾಗುತ್ತದೆ. ದೋಣಿ ಉಳಿದು ಯಜಮಾನ ಆಸ್ಪತ್ರೆ ಸೇರಿದರೆ ಏನು ಬಂತು?

ಯಜಮಾನನ ಮಾತು ಬಂತು. ಅಪ್ಪಯ್ಯನ ಬಲಗೈಯ ತೋರುಬೆರಳು ಅರ್ಧವೇ ಇತ್ತು. ದಕ್ಕೆಗೆ ಬರುತ್ತಿದ್ದ ತುಂಬಿದ ದೋಣಿಯನ್ನು ಕೈಯಲ್ಲಿ ತಡೆಯಲು ಹೋಗಿ, ಗೂಟಕ್ಕೂ ದೋಣಿಗೂ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ಆ ಅರ್ಧ ಬೆರಳಿನಿಂದಲೇ ಅವರು ನನಗೆ ಮರಳಿನ ಮೇಲೆ ಅ ಆ ಇ ಈ ತಿದ್ದಿಸಿದ್ದು. ದೋಣಿಯನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ತಡೆಯಬಾರದು. ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ತುದಿ ಹಿಡಿದರೆ ಹೆಂಚು ತುಂಬಿದ ದೋಣಿಯನ್ನೂ ಒಂದು ಮಗು ನಿಲ್ಲಿಸಬಹುದು. ಶಾಲೆಯಲ್ಲಿ ಹಗ್ಗಜಗ್ಗಾಟದ ದಿನ ಇದನ್ನು ಮಾಡಿ ತೋರಿಸಿದ್ದೆ. ಧ್ವಜದ ಕಂಬಕ್ಕೆ ಮೂರು ಸುತ್ತು ಹಾಕಿ ತುದಿಯನ್ನು ಏಳನೆಯ ತರಗತಿಯ ಸಣಕಲು ಹುಡುಗಿಯ ಕೈಗೆ ಕೊಟ್ಟೆ. ಹತ್ತನೆಯ ತರಗತಿಯ ಎಂಟು ಹುಡುಗರು ಎಳೆದು ಸುಸ್ತಾದರು.

ಕಳೆದೆರಡು ವರ್ಷದಿಂದ ಅಣ್ಣನ ಕೈಗೆ ಗಂಟುನೋವು. ಬೆಂಗಳೂರಿನಲ್ಲಿರುವ ಮಗ ನನಗೆ ಫೋನು ಮಾಡಿ, "ಅತ್ತೆ, ನೀವೇ ಅಪ್ಪಯ್ಯಂಗೆ ಹೇಳಿ. ರೆಸಾರ್ಟಿನವರು ಕೇಳ್ತಿದ್ದಾರೆ, ಅಂಗಳದಲ್ಲಿಟ್ಟು ಹೂವಿನ ಗಿಡ ನೆಡ್ತಾರಂತೆ. ಒಬ್ಬರೇ ಹೊಳೆಗೆ ಹೋಗ್ತಾರೆ, ರಾತ್ರಿ ನನಗೆ ನಿದ್ದೆ ಬರುದಿಲ್ಲ" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಹೋಗಿ ಅಣ್ಣನ ಮುಂದೆ ಕುಳಿತೆ. ಮಾರುವ ಮಾತೆತ್ತುವ ಮೊದಲೇ ಅವರು, "ನಂಗ್ ಗೊತ್ತಿತ್ತ್ ಹೆಣ್ಣೇ, ಅಂವ ನಿನ್ನ ಕಳ್ಸಿದ್ದ. ಹೂಗಿಡ ನೆಡುಕೆ ಅಪ್ಪಯ್ಯ ಬೆರಳ್ ಕೊಟ್ಟದ್ದಲ್ಲ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಗಂಟುನೋವಿಗೂ ಅವರಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ತೆಳ್ಳಗಿನ ಹಗ್ಗಗಳೆಲ್ಲ ಹೋಗಿ, ನೋಯುವ ಕೈಗೂ ಹಿಡಿತಕ್ಕೆ ಸಿಗುವ ಹೆಬ್ಬೆರಳು ದಪ್ಪದ ನೈಲಾನ್ ಹಗ್ಗ ಬಂತು. ಅದು ನನ್ನ ಸಂಬಳದ್ದು. ಹಗ್ಗದ ತುದಿಯಲ್ಲಿ ಬಿಗಿಯದ ದೊಡ್ಡ ಕುಣಿಕೆ ಮಾಡಿಟ್ಟಿದ್ದೇವೆ, ಕೊಕ್ಕೆಯ ಜಲ್ಲೆಯಿಂದ ಎತ್ತಿ ಗೂಟಕ್ಕೆ ಹಾಕಿದರಾಯಿತು, ಹಾರಿ ಇಳಿಯಬೇಕಿಲ್ಲ. ದಕ್ಕೆಗೆ ಮೂರು ಮೆಟ್ಟಿಲು, ಹಿಡಿಯಲು ಒಂದು ಕಂಬಿ. ತೇಲುವ ಜಾಕೆಟ್ ಹಾಕದೆ ದೋಣಿ ಬಿಚ್ಚುವ ಹಾಗಿಲ್ಲ. ಒಬ್ಬರೇ ಹೋಗುವ ಹಾಗಂತೂ ಇಲ್ಲವೇ ಇಲ್ಲ. ಜೊತೆಗೆ ಹೋಗುವವಳು ನೆರೆಮನೆಯ, ಆ ಒಡೆದ ದೋಣಿಯ ಮನೆಯ ಹುಡುಗಿ, ನನ್ನ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. "ಹೆಣ್ಮಕ್ಳಿಗೆ ಹಾಯಿ ಎಳುಕೆ ಆತ್ತಾ?" ಎಂದು ಅಣ್ಣ ಮೊದಲು ಗೊಣಗಿದರು. 2017ರಿಂದ 2018ರವರೆಗೆ ನೌಕಾಪಡೆಯ ಆರು ಹೆಣ್ಣುಮಕ್ಕಳು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದರು, ದಾರಿಯಲ್ಲಿ ಚುಕ್ಕಾಣಿ ಕೈಕೊಟ್ಟಾಗ ಮಾರಿಷಸ್‌ನಲ್ಲಿ ನಿಂತು ರಿಪೇರಿ ಮಾಡಿಸಿಕೊಂಡು ಮುಂದೆ ಹೊರಟರು ಎಂದು ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚುಕ್ಕಾಣಿಗೆ ಎಂತ ಆಯ್ತಂಬ್ರ್?" ಎಂದು ಕೇಳಿದರು.

ಈಗ ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಹುಡುಗಿ ದಕ್ಕೆಗೆ ಹೋಗಿ ಹಗ್ಗದ ಆ ಗೇಣುದ್ದವನ್ನು ಬೆರಳಿನಿಂದ ಸವರಿ ನೋಡಿ ಬರುತ್ತಾಳೆ. ಆ ಕೆಲಸಕ್ಕೆ ಅಣ್ಣ ಅವಳಿಗೆ ಇಪ್ಪತ್ತು ರೂಪಾಯಿ ಕೊಡುತ್ತಾರೆ. ತೆಗೆದುಕೊಳ್ಳಬೇಡ ಎಂದು ನಾನೂ ಹೇಳಿಲ್ಲ.