ಆರನೇ ಹಂತದ ನೀರು

ಇವರ ಅಂಗಿಯ ಬೆನ್ನು ಒದ್ದೆಯಾಗಿದ್ದನ್ನು ನಾನು ಬೆಳಿಗ್ಗೆ ಹತ್ತಕ್ಕೇ ನೋಡಿದ್ದೆ. ಬೆವರು ಎಂದುಕೊಂಡು ಸುಮ್ಮನಾದೆ. ಸೋರಿಹೋಗುತ್ತಿದ್ದದ್ದು ನಮ್ಮ ಕುಡಿಯುವ ನೀರು.

ಆಸ್ಟ್ರೇಲಿಯಾದ ನಟ್ಟನಡುವಿನ ಊರು ಆಲಿಸ್ ಸ್ಪ್ರಿಂಗ್ಸ್. ಅಲ್ಲಿಂದ ಪಶ್ಚಿಮಕ್ಕೆ ಹಬ್ಬಿದ ಮೆಕ್‌ಡೊನೆಲ್ ಬೆಟ್ಟಸಾಲಿನಲ್ಲಿ 220 ಕಿಲೋಮೀಟರಿಗೂ ಉದ್ದದ ಕಾಲುದಾರಿಯೊಂದಿದೆ, ಲಾರಪಿಂಟಾ ಟ್ರೇಲ್. ಹಳೆಯ ಟೆಲಿಗ್ರಾಫ್ ಸ್ಟೇಷನ್ ಹತ್ತಿರ ಶುರುವಾಗುವ ದಾರಿ ಹನ್ನೆರಡು ಹಂತ ದಾಟಿ, 1380 ಮೀಟರ್ ಎತ್ತರದ ಮೌಂಟ್ ಸಾಂಡರ್ ನೆತ್ತಿಯಲ್ಲಿ ಮುಗಿಯುತ್ತದೆ. ಅಲ್ಲಿನ ಮೂಲನಿವಾಸಿ ಅರೆರ್ಂಟೆ ಜನ ಫಿಂಕ್ ನದಿಯನ್ನು ಕರೆಯುವ ಹೆಸರು ಲಾರಪಿಂಟಾ. ನದಿ ಎಂದರೂ ವರ್ಷದ ಬಹುಪಾಲು ಕಣ್ಣಿಗೆ ಬೀಳುವುದು ಮರಳು, ಅಲ್ಲಲ್ಲಿ ಮಡು. ಸಾಗರದ ಕಡೆಯ ಮಳೆಯಲ್ಲಿ ಬೆಳೆದ ನನಗೆ ಅದನ್ನು ನದಿ ಎನ್ನಲು ಬಾಯಿ ಬರುತ್ತಿರಲಿಲ್ಲ.

ಮೆಲ್ಬರ್ನ್‌ನಲ್ಲಿ ನಮ್ಮದು ಇಪ್ಪತ್ತು ವರ್ಷದ ಸಂಸಾರ. ಮಗಳು ಹಾಸ್ಟೆಲಿಗೆ ಹೋದ ಮೇಲೆ, ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಈ ದಾರಿ ನಡೆಯೋಣವೆಂದು ಇಬ್ಬರೂ ಆಸೆಪಟ್ಟೆವು. ನಡೆಯಲು ಹೇಳಿದ ಕಾಲ ಮೇ ತಿಂಗಳಿಂದ ಆಗಸ್ಟ್. ನಮಗೆ ರಜೆ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಹೋದೆವು.

ಮೊದಲ ದಿನಗಳು ಅಷ್ಟು ಚೆನ್ನಾಗಿದ್ದವು. ಸಿಂಪ್ಸನ್ಸ್ ಗ್ಯಾಪ್‌ನ ಬಂಡೆರಾಶಿಯಲ್ಲಿ ಮುಸ್ಸಂಜೆಗೆ ಕರಿಪಾದದ ಪುಟ್ಟ ವಾಲಬಿಗಳು ಇಳಿದುಬಂದವು. ಕಾಂಗರೂ ಕುಲದ ಆ ಪ್ರಾಣಿಗಳು ನೆಟ್ಟಗಿನ ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತಿದ್ದವು. ಜೇ ಕ್ರೀಕ್ ದಾಟಿದ ಮೇಲೆ ದಾರಿಗಡ್ಡವಾಗಿ ಪೆರೆಂಟಿ ಉಡ ಮಲಗಿತ್ತು, ನನ್ನಷ್ಟೇ ಉದ್ದ. ನಾವೇ ಸುತ್ತು ಹಾಕಿಕೊಂಡು ಹೋದೆವು. ಬ್ರಿಂಕ್ಲಿ ಬ್ಲಫ್ ಮೇಲೆ ಟೆಂಟ್ ಹಾಕಿದ ರಾತ್ರಿ ಚಟ್ನಿಪುಡಿ ಕಲಸಿದ ಅವಲಕ್ಕಿ ತಿನ್ನುತ್ತಾ ಎಷ್ಟೋ ಹೊತ್ತು ಆಕಾಶ ನೋಡಿದೆವು. ಐದನೇ ಹಂತದ ಹ್ಯೂ ಗಾರ್ಜ್ ಕಣಿವೆ ನಮ್ಮನ್ನು ಹಣ್ಣುಮಾಡಿತು. ದಿನವಿಡೀ ಕಾಲಡಿ ಉರುಳುವ ಕಲ್ಲು. ಸಂಜೆ ನನ್ನ ಮಂಡಿ ಬಾತಿತ್ತು. ಎದುರಿನಿಂದ ಬಂದ ವಯಸ್ಸಾದ ನಡಿಗೆಯವರೊಬ್ಬರು, ನಾಳೆ ನಾಡಿದ್ದು ಬಿಸಿಲು ಜೋರು, ಮುಂದಿನದು ಬಯಲು, ಬೆಳಕು ಹರಿಯುವ ಮೊದಲೇ ಹೊರಡಿ ಎಂದರು. ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ಯಾರೂ ಮಾತಾಡಲಿಲ್ಲ.

ಮರುದಿನ ಎಚ್ಚರವಾದಾಗಲೇ ಬೆಳಕಾಗಿತ್ತು. ಹೊರಟಾಗ ಎಂಟು. ಆರನೇ ಹಂತ ಒಟ್ಟು 31 ಕಿಲೋಮೀಟರ್, ಸುಮಾರು ಅರ್ಧಕ್ಕೆ ರಾಕಿ ಗಲಿ ಎಂಬಲ್ಲಿ ನೀರಿನ ಟ್ಯಾಂಕ್. ಇವರ ಬೆನ್ನಚೀಲದಲ್ಲಿ ನಾಲ್ಕು ಲೀಟರಿನ ನೀರಚೀಲ, ನನ್ನ ಹತ್ತಿರ ಒಂದೊಂದು ಲೀಟರಿನ ಎರಡು ಬಾಟಲಿ.

ಅಲ್ಲಿ ನೆಲದ ತುಂಬ ಸ್ಪಿನಿಫೆಕ್ಸ್ ಹುಲ್ಲು. ದೂರದಿಂದ ಮೆತ್ತನೆಯ ಗುಪ್ಪೆಯಂತೆ ಕಾಣುತ್ತದೆ, ಹತ್ತಿರ ಹೋದರೆ ಒಂದೊಂದು ಎಲೆಯೂ ಸೂಜಿ. ಮೊದಲ ಸಲ ಸುಧಾರಿಸಿಕೊಳ್ಳಲು ಕೂತಾಗ ಚೀಲಗಳನ್ನು ಅದಕ್ಕೆ ಒರಗಿಸಿಟ್ಟಿದ್ದೆವು. ಚುಚ್ಚಿದ್ದು ಅಲ್ಲೇ ಇರಬೇಕು. ಹನ್ನೆರಡೂವರೆಗೆ ಇವರು ಕೊಳವೆ ಬಾಯಿಗಿಟ್ಟು ಎಳೆದರೆ ಗಾಳಿ ಬಂತು. ನನ್ನ ಬಾಟಲಿಗಳಲ್ಲಿ ಉಳಿದದ್ದು ಮುಕ್ಕಾಲು ಲೀಟರ್.

ಹಿಂದಕ್ಕೆ ಹತ್ತು ಕಿಲೋಮೀಟರ್, ಮುಂದಕ್ಕೆ ಆರು. ಆರೇ ತಾನೆ ಎಂದು ಹೆಜ್ಜೆ ಹಾಕಿದೆವು. ಅಷ್ಟರಲ್ಲಿ ಇವರಿಗೆ ಮೀನಖಂಡ ಹಿಡಿದುಕೊಂಡಿತು, ತಲೆನೋವು, ಆಮೇಲೆ ವಾಂತಿ. ಬಾಯಿಂದ ಹೋದ ಆ ನೀರನ್ನೂ ನಾನು ಲೆಕ್ಕ ಹಾಕಿದೆ. ಒಂದು ಮುಲ್ಗಾ ಮರದಡಿ ಕೂರಿಸಿದೆ. ಅದರ ಎಲೆ ಸಣ್ಣ, ನೆರಳು ಜರಡಿಯಂತೆ. ಟೆಂಟಿನ ಮೇಲ್ಹೊದಿಕೆಯನ್ನು ಕೊಂಬೆಗೆ ಕಟ್ಟಿದೆ, ಶೂ ಬಿಚ್ಚಿದೆ, ಪಂಚೆಯ ತುಂಡನ್ನು ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿದೆ. ಉಪ್ಪು ಸಕ್ಕರೆ ಕದಡಿದ ನೀರನ್ನು ಬಾಟಲಿಯ ಮುಚ್ಚಳದಲ್ಲಿ ಅಳೆದು ಕೊಟ್ಟೆ. ಮೇಲೆ ಬೆಣೆಬಾಲದ ಹದ್ದೊಂದು ರೆಕ್ಕೆ ಅಲುಗಿಸದೆ ಸುತ್ತುತ್ತಿತ್ತು. ಮೂರು ದಿನದ ಹಿಂದೆ ಅದನ್ನೇ ಕಂಡು ಫೋಟೋ ತೆಗೆಯಲು ಓಡಿದವಳು ನಾನು.

ಸುಮಾರು ಮೂರು ಗಂಟೆಗೆ ಇವರು ಕಣ್ಣು ಬಿಟ್ಟು, "ಮಳೆ ಬರ್ತಿದೆ ಕಣೇ, ಬಟ್ಟೆ ಒಳಗೆ ತಾ" ಎಂದರು.

ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ತಂಡಕ್ಕೆ ಸುದ್ದಿ ಮುಟ್ಟಿಸುವ ಬೀಕನ್ ನಮ್ಮಲ್ಲಿತ್ತು. ಮಧ್ಯಾಹ್ನವೇ ಕೈಗೆತ್ತಿಕೊಂಡಿದ್ದೆ. "ಇಷ್ಟಕ್ಕೆಲ್ಲ ಹೆಲಿಕಾಪ್ಟರ್ ಕರೆಸ್ತಾರಾ, ಬೇಡ" ಎಂದಿದ್ದರು ಇವರು. ಮಾತು ತೊದಲಿ ಬುದ್ಧಿ ಕದಡಿತೆಂದರೆ ಬಿಸಿಲಿನ ಹೊಡೆತ ಮಿದುಳಿಗೆ ತಟ್ಟಿದೆ ಎಂದೇ ಅರ್ಥ. ಅದು ನನಗೆ ಗೊತ್ತಿತ್ತು. ಆಗಲಾದರೂ ಒತ್ತಬೇಕಿತ್ತು. ಒತ್ತಲಿಲ್ಲ. ಇನ್ನರ್ಧ ಗಂಟೆ ನೋಡೋಣ, ಇನ್ನರ್ಧ ಗಂಟೆ ನೋಡೋಣ ಎಂದು ಸಂಜೆ ಮಾಡಿದೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಸಿಟ್ಟು ಉಕ್ಕುತ್ತದೆ.

ಬಿಸಿಲು ಇಳಿದಂತೆ ಮಾತು ನೆಟ್ಟಗಾಯಿತು. ಮಗಳ ಹೆಸರು ಕೇಳಿದೆ, ಹೇಳಿದರು. ಎದ್ದು ನಿಲ್ಲಲು ಮಾತ್ರ ಆಗಲಿಲ್ಲ. ಬೀಕನ್ ಅವರ ಕೈಯಲ್ಲಿಟ್ಟು, "ಹತ್ತು ಗಂಟೆಯೊಳಗೆ ನಾನು ಬರದಿದ್ದರೆ ಒತ್ತಿಬಿಡಿ ರೀ" ಎಂದು ಹೇಳಿ, ಖಾಲಿ ಬಾಟಲಿಗಳನ್ನೂ ಅಡುಗೆ ಪಾತ್ರೆಯನ್ನೂ ಹೊತ್ತು ಆರೂವರೆಗೆ ಹೊರಟೆ.

ಸೂರ್ಯ ಮುಳುಗಿದ್ದೇ ಕತ್ತಲು. ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ದಾರಿಗಂಬದ ನೀಲಿ ಗುರುತು ಒಂದಾದ ಮೇಲೊಂದು ಹುಡುಕುತ್ತಾ ನಡೆದೆ. ನೆಲದಲ್ಲಿ ಹನಿ ಹನಿಯಾಗಿ ಏನೋ ಹೊಳೆಯಿತು. ಇಬ್ಬನಿ ಎಂದು ಬಗ್ಗಿದೆ. ಜೇಡಗಳ ಕಣ್ಣು. ಹುಲ್ಲಿನ ನಡುವೆ ನೂರಾರು. ಮುಂದೆ ಎರಡು ಕಣ್ಣು ದಾರಿಯ ಮೇಲೇ ನಿಂತಿದ್ದವು, ಡಿಂಗೊ. ಬೊಗಳಲಿಲ್ಲ, ಓಡಲೂ ಇಲ್ಲ. ನಾನು ನಡೆದರೆ ಪಕ್ಕದ ಪೊದೆಯಲ್ಲಿ ನಡೆಯಿತು, ನಿಂತರೆ ನಿಂತಿತು. ಒಣಗಿದ ಗಂಟಲಲ್ಲಿ "ಹೋಗಪ್ಪ, ನನ್ನ ಹತ್ತಿರ ಏನೂ ಇಲ್ಲ" ಎಂದೆ. ಎಷ್ಟು ಹೊತ್ತಿಗೆ ಬಿಟ್ಟುಹೋಯಿತೋ ತಿಳಿಯದು. ಆಮೇಲೆ ಬೆಟ್ಟದ ಕಡೆಯಿಂದ ಊಳು ಕೇಳಿತು. ನನಗೆ ನೆನಪಾದದ್ದು ಮುಲ್ಗಾ ಮರದಡಿ ಒಬ್ಬರೇ ಮಲಗಿದ್ದ ಇವರು.

ಟ್ಯಾಂಕ್ ಸಿಕ್ಕಾಗ ಮೊದಲು ಬೆರಳಗಂಟಿನಿಂದ ತಟ್ಟಿ ನೋಡಿದೆ. ತುಂಬಿದ ಸದ್ದು. ನಲ್ಲಿಗೇ ಬಾಯಿಟ್ಟೆ. ಬೆಚ್ಚಗಿನ, ಪ್ಲಾಸ್ಟಿಕ್ ವಾಸನೆಯ ನೀರು. ಗಟಗಟ ಕುಡಿದದ್ದು ಹಾಗೇ ಹೊರಬಂತು. ಎರಡನೇ ಸಲ ಗುಟುಕು ಗುಟುಕಾಗಿ ಕುಡಿದೆ.

ಮರಳಿ ಮುಟ್ಟಿದಾಗ ಹತ್ತೂ ಮುಕ್ಕಾಲು. ಬೀಕನ್ ಒತ್ತಿರಲಿಲ್ಲ. ಇವರು ಗಡಿಯಾರವನ್ನೇ ನೋಡಿರಲಿಲ್ಲ, ನಿದ್ದೆ ಹೋಗಿದ್ದರು. ದಾರಿಯಲ್ಲಿ ನಾನು ಬಿದ್ದಿದ್ದರೆ ಎಂಬುದು ಆಗ ಹೊಳೆದು ಮೈ ನಡುಗಿತು. ಎಬ್ಬಿಸಿ, ಚೂರುಚೂರೇ ಕುಡಿಸುತ್ತಾ ಕೂತೆ. ನಡುರಾತ್ರಿ ದಾಟಿದ ಮೇಲೆ ಇವರು ಮೂತ್ರ ಮಾಡಿದರು. ಅಷ್ಟು ಸಂತೋಷ ನನಗೆ ಮಗಳು ಹುಟ್ಟಿದ ದಿನ ಆಗಿತ್ತು.

ಇನ್ನೂ ನಸುಗತ್ತಲಿರುವಾಗ ನಿಧಾನ ಹೊರಟು ಬಿಸಿಲೇರುವ ಮೊದಲು ರಾಕಿ ಗಲಿ ಸೇರಿದೆವು. ನಲ್ಲಿಯ ತೊಟ್ಟಿಕ್ಕುವ ಹನಿಗೆ ಜೀಬ್ರಾ ಫಿಂಚ್ ಹಕ್ಕಿಗಳು ಮುತ್ತಿಕೊಂಡಿದ್ದವು. ಹೆಬ್ಬೆರಳಷ್ಟು ಗಾತ್ರ, ಕೆಂಪು ಕೊಕ್ಕು. ಇವು ಹಾರುತ್ತಿದ್ದರೆ ಹತ್ತಿರದಲ್ಲಿ ನೀರಿದೆ ಎಂದು ಆ ಕಡೆಯವರು ತಿಳಿಯುತ್ತಾರೆ. ಅವು ಕುಡಿದು ಮುಗಿಸುವವರೆಗೆ ದೂರ ಕೂತೆವು. ಆಗ ಇವರು ನೆಲ ನೋಡುತ್ತಾ, "ಹ್ಯೂ ಗಾರ್ಜ್‌ನಲ್ಲೇ ಸಾಕು ಅನ್ನಿಸಿತ್ತು ನನಗೆ. ನಿನಗೆ ಮುಂದೆ ಹೋಗಬೇಕು ಅಂತಿದೆ ಅಂದ್ಕೊಂಡೆ" ಎಂದರು.

"ನನಗೂ ಸಾಕಾಗಿತ್ತು ರೀ," ಎಂದೆ.

ಆ ದಿನವಿಡೀ ಅಲ್ಲೇ ನೆರಳಲ್ಲಿದ್ದು, ಮರುದಿನ ರಾತ್ರಿ ಎರಡಕ್ಕೆ ಹೊರಟು ಎಲ್ಲೆರಿ ಕ್ರೀಕ್ ತಲುಪಿದೆವು. ಅಲ್ಲಿಂದ ಯಾರದೋ ಕಾರಿನಲ್ಲಿ ಆಲಿಸ್ ಸ್ಪ್ರಿಂಗ್ಸ್, ಒಂದು ರಾತ್ರಿ ಆಸ್ಪತ್ರೆ, ಡ್ರಿಪ್. ಮೂತ್ರಪಿಂಡಕ್ಕೆ ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆ, ಮುಂದಿನ ಹಂತಗಳಿಗೆಂದು ಆರ್ಮಿಸ್ಟನ್ ಗಾರ್ಜ್‌ನಲ್ಲಿ ಇಟ್ಟಿದ್ದ ನಮ್ಮ ಡಬ್ಬಿಯ ವಿಷಯಕ್ಕೆ ಇವರೇ ಫೋನ್ ಮಾಡಿದರು. ಅವಲಕ್ಕಿ, ಹುರಿದ ರವೆ, ಹೆಸರುಬೇಳೆ ಇದೆ, ದಾರಿಯಲ್ಲಿ ಬರುವವರಿಗೆ ಕೊಟ್ಟುಬಿಡಿ ಎಂದರು. ಚಟ್ನಿಪುಡಿ ಖಾರ ಇದೆ ಎಂದು ಅವರಿಗೆ ಹೇಳಿ ಎಂದೆ ನಾನು ಪಕ್ಕದಿಂದ.